ಒಲೆ ಕೆಮ್ಮಿದರೆ ಮನೆಯೂ ಕೆಮ್ಮುತ್ತದೆ

ಮನೆ-ಮನ ಅಂಕಣ



ಕಳೆದ ತಿಂಗಳು ಕುಡಿಯುವ ನೀರಿನ ತೊಟ್ಟಿ ತೊಳೆಯುವ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಕೆಲವು ತಾಯಂದಿರು ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿ, "ತೊಟ್ಟಿ ಆಯ್ತು, ನಮ್ಮ ಒಲೆ ಹೊಗೆ ಉಗುಳ್ತಾ ಐತಲ್ಲ, ಅದಕ್ಕೂ ಏನಾದ್ರೂ ಬರೀರಿ" ಎಂದರು. ಈ ಮಾತು ನಮ್ಮ ಮನಸ್ಸಿಗೆ ನಾಟಿತು. ಏಕೆಂದರೆ ಹೊಗೆ ಉಗುಳುವ ಒಲೆಯನ್ನು ಅಲಕ್ಷ್ಯ ಮಾಡಿ ನಾವೇ ಒಮ್ಮೆ ದೊಡ್ಡ ಬೆಲೆ ತೆರುವುದರಲ್ಲಿದ್ದೆವು. ಆ ಕಥೆಯನ್ನು ಈ ತಿಂಗಳು ಮುಚ್ಚಿಡದೆ ಹೇಳುತ್ತೇವೆ.

"ಈಗ ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ, ಒಲೆಯ ಮಾತೇಕೆ?" ಎಂದು ಕೆಲವರು ಕೇಳಬಹುದು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಬಡವರ ಮನೆಗೂ ಸಿಲಿಂಡರ್ ತಲುಪಿದ್ದು ನಿಜ. ಆದರೆ ನಮ್ಮ ನೀಲಗಿರಿಯ ಮೇಲಿರುವವರಿಗೆ ಗೊತ್ತು: ಡಿಸೆಂಬರ್, ಜನವರಿಯಲ್ಲಿ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತಾಗ ಮನೆಯನ್ನು ಬೆಚ್ಚಗಿಡುವುದು ಗ್ಯಾಸ್ ಅಲ್ಲ, ಸೌದೆ ಒಲೆಯೇ. ಸ್ನಾನದ ನೀರು ಕಾಯುವುದು, ಒದ್ದೆ ಬಟ್ಟೆ ಒಣಗುವುದು, ಹಿರಿಯರು ಕೈ ಕಾಯಿಸಿಕೊಳ್ಳುವುದು ಎಲ್ಲವೂ ಅದರ ಮುಂದೆಯೇ. ತಾಳವಾಡಿ, ಹೊಸೂರು ಕಡೆಯ ಮನೆಗಳಲ್ಲಿ ಬಚ್ಚಲ ಒಲೆ ಇದ್ದೇ ಇದೆ. ಆದ್ದರಿಂದ ಒಲೆಯ ಮಾತು ಇನ್ನೂ ಹಳತಾಗಿಲ್ಲ.

ಆ ಕ್ರಿಸ್ಮಸ್ ರಾತ್ರಿ

ನಮ್ಮ ಅಡುಗೆಮನೆಯಲ್ಲಿರುವುದು ಹೊಗೆಕೊಳವೆ ಇರುವ ಮೂರು ಕಣ್ಣಿನ ಒಲೆ. 2019ರ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಹೊಗೆ ಬಿಡತೊಡಗಿತು. ಮೊದಲು ಹೊತ್ತಿಸುವಾಗ ಮಾತ್ರ ಇದ್ದ ಹೊಗೆ ಆಮೇಲೆ ದಿನವಿಡೀ ನಿಂತಿತು. ಅವ್ವ ಊದುಗೊಳವೆ ಹಿಡಿದು ಊದಿ ಊದಿ ಕೆಮ್ಮುತ್ತಿದ್ದರು. "ವಯಸ್ಸಾಯ್ತಲ್ಲ, ಚಳಿಗೆ ಕೆಮ್ಮು ಇದ್ದದ್ದೇ" ಎಂದು ನಾವು ಸುಮ್ಮನಾದೆವು. ಮೂರು ತಿಂಗಳ ಕಾಲ ಆ ಕೆಮ್ಮು ನಮ್ಮ ಕಿವಿಗೆ ಬಿತ್ತೇ ಹೊರತು ನಮ್ಮಲ್ಲಿ ಒಬ್ಬರೂ ಬಗ್ಗಿ ಒಲೆಯೊಳಗೆ ನೋಡಲಿಲ್ಲ. ಕೊನೆಗೆ "ಒಲೆ ಕೆಟ್ಟಿದೆ" ಎಂದು ತೀರ್ಮಾನಿಸಿ ಅಡುಗೆಯನ್ನು ಗ್ಯಾಸಿಗೆ ಬದಲಾಯಿಸಿದೆವು. ಚಳಿ ಕಾಯಿಸಲು ಪೇಟೆಯಿಂದ ಒಂದು ಕಬ್ಬಿಣದ ಅಗ್ಗಿಷ್ಟಿಕೆ, ಒಂದು ಮೂಟೆ ಇದ್ದಿಲು ತಂದೆವು.

ಡಿಸೆಂಬರ್ 24ರ ರಾತ್ರಿ ಎಲ್ಲರೂ ನಡುರಾತ್ರಿಯ ಪೂಜೆಗೆ ಹೊರಟೆವು. ಅವ್ವ ಮಂಡಿನೋವೆಂದು ಮನೆಯಲ್ಲೇ ಉಳಿದರು. ನಾವು ಹೊರಟ ಮೇಲೆ ಅಂಗಳದಲ್ಲಿದ್ದ ಅಗ್ಗಿಷ್ಟಿಕೆಯನ್ನು ಕೋಣೆಗೆ ತಂದುಕೊಂಡು, ಗಾಳಿ ಬಾರದಂತೆ ಕಿಟಕಿ ಹಾಕಿ, ಬಾಗಿಲ ಸಂದಿಗೆ ಗೋಣಿ ತುರುಕಿ, ಜಪಸರ ಹಿಡಿದು ಹಾಸಿಗೆಯಲ್ಲಿ ಕೂತಿದ್ದರು. ಕೆಂಡಕ್ಕೆ ಹೊಗೆಯೇ ಇಲ್ಲವಲ್ಲ, ಭಯವೇನು ಎಂಬುದು ಅವರ ಎಣಿಕೆ.

ನಾವು ಬಾಗಿಲು ತಟ್ಟಿದಾಗ ಉತ್ತರವಿಲ್ಲ. ಬಾಗಿಲು ತಳ್ಳಿ ಒಳಗೆ ಹೋದರೆ ಅವ್ವ ಗೋಡೆಗೆ ಒರಗಿದ್ದರು. ಎಚ್ಚರವಿತ್ತು, ಆದರೆ ಮಾತು ತೊದಲುತ್ತಿತ್ತು. ವಾಂತಿಯಾಗಿತ್ತು. "ತಲೆ ಸಿಡೀತಾ ಐತೆ ಕಣಪ್ಪಾ, ಕಾಲು ಏಳ್ತಾ ಇಲ್ಲ" ಎಂದರು. ಜೊತೆಯಲ್ಲಿ ಬಂದಿದ್ದ ನೆರೆಮನೆಯ ಹುಡುಗಿ ನರ್ಸಿಂಗ್ ಓದಿದವಳು. ಅವಳು ಅಗ್ಗಿಷ್ಟಿಕೆ ಕಂಡದ್ದೇ ತಡ, "ಮೊದಲು ಅಜ್ಜೀನ ಹೊರಕ್ಕೆ ತನ್ನಿ, ಕಿಟಕಿ ಎಲ್ಲ ತೆಗೀರಿ" ಎಂದು ಕೂಗಿದಳು. ಕಂಬಳಿ ಹೊದಿಸಿ ಅಂಗಳಕ್ಕೆ ತಂದೆವು. 108ಕ್ಕೆ ಕರೆ ಮಾಡಿದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಕ್ರಿಸ್ಮಸ್ ದಿನ ಮಧ್ಯಾಹ್ನ ಅವ್ವ ಮನೆಗೆ ಬಂದರು. ದೇವರು ದೊಡ್ಡವನು. ಪೂಜೆ ಮುಗಿದ ಮೇಲೆ ಕೇಕು, ಕಾಫಿ ಎಂದು ಇನ್ನೊಂದು ಗಂಟೆ ದೇವಾಲಯದಲ್ಲೇ ಕಳೆದಿದ್ದರೆ ಏನಾಗುತ್ತಿತ್ತೋ ಹೇಳಲಾರೆವು.

ಮರುದಿನ ನಾವು ಮಾಡಿದ ಮೊದಲ ಕೆಲಸ ಒಲೆ ಬಿಚ್ಚಿ ನೋಡಿದ್ದು. ಕಬ್ಬಿಣದ ಜಾಲರಿಯ ಕೆಳಗೆ ಬೂದಿ ತುಂಬಿ ಗಟ್ಟಿಯಾಗಿತ್ತು. ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಬೆಂಕಿ ಹೋಗುವ ದಾರಿ ಮುಕ್ಕಾಲು ಪಾಲು ಮುಚ್ಚಿತ್ತು. ಕೊಳವೆಯ ಬಾಗಿನಲ್ಲಿ ಮಸಿಯ ಗಡ್ಡೆ, ಅದರ ಮೇಲೆ ಹಕ್ಕಿಯ ಹಳೆಯ ಗೂಡು. ಒಲೆ ಕೆಟ್ಟಿರಲಿಲ್ಲ. ಅದನ್ನು ನೋಡಿಕೊಳ್ಳಬೇಕಾದ ನಾವು ನೋಡಿರಲಿಲ್ಲ. ಎರಡು ಗಂಟೆಯ ಕೆಲಸವನ್ನು ಮೂರು ತಿಂಗಳು ಮುಂದೂಡಿದ್ದರಿಂದ ಅವ್ವನ ಜೀವ ತೂಗುಯ್ಯಾಲೆಯಾಯಿತು.

ಒಲೆ ಉಸಿರಾಡುವುದು ಹೇಗೆ?

ಹೊಗೆಕೊಳವೆಯ ಒಲೆ ಒಂದು ಸರಳ ತತ್ವದ ಮೇಲೆ ನಡೆಯುತ್ತದೆ. ಬಿಸಿಗಾಳಿ ಹಗುರ, ಆದ್ದರಿಂದ ಕೊಳವೆಯಲ್ಲಿ ಮೇಲೇರುತ್ತದೆ. ಅದು ಮೇಲೇರಿದಾಗ ಕೆಳಗೆ ಜಾಲರಿಯ ಮೂಲಕ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯಿಂದ ಸೌದೆ ಚೆನ್ನಾಗಿ ಉರಿಯುತ್ತದೆ. ಗಾಳಿ ಒಳಬರುವ ದಾರಿ, ಬೆಂಕಿ ಹರಿಯುವ ದಾರಿ, ಹೊಗೆ ಹೊರಹೋಗುವ ದಾರಿ, ಈ ಮೂರರಲ್ಲಿ ಯಾವುದು ಕಟ್ಟಿಕೊಂಡರೂ ಹೊಗೆ ಅಡುಗೆಮನೆಗೇ ಬರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಇದೇ ತತ್ವದ ಮೇಲೆ ಮೂರು ಕಣ್ಣಿನ ಅಸ್ತ್ರ ಒಲೆಯನ್ನು ರೂಪಿಸಿದರು. 1980ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ಕಾರ್ಯಕ್ರಮವನ್ನು ಹಾಕಿಕೊಂಡಿತು. ಅದು 2002ರಲ್ಲಿ ಮುಗಿಯಿತು. ಕಾರ್ಯಕ್ರಮ ಮುಗಿದರೂ ಕೊಳವೆಯ ಒಲೆಗಳು ಎಷ್ಟೋ ಮನೆಗಳಲ್ಲಿ ಉಳಿದಿವೆ. ಒಲೆ ಕಟ್ಟಿಕೊಟ್ಟವರು ಮತ್ತೆ ಬಂದು ನೋಡುವುದಿಲ್ಲ. ಶುಚಿ ಮಾಡುವ ಜವಾಬ್ದಾರಿ ನಮ್ಮದೇ.

ಮಸಿ ಎಷ್ಟು ಕೇಡು ಮಾಡುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. 4 ಇಂಚು ಅಗಲದ ಕೊಳವೆಯ ಒಳಸುತ್ತ ಅರ್ಧ ಇಂಚು ಮಸಿ ಕೂತರೆ ಉಳಿಯುವ ಅಗಲ 3 ಇಂಚು. "ಕಾಲು ಭಾಗ ತಾನೇ ಹೋಯಿತು" ಎನ್ನಬೇಡಿ. ದುಂಡಗಿನ ಕೊಳವೆಯಾದ್ದರಿಂದ ಹೊಗೆ ಹೋಗುವ ಜಾಗ ಹದಿನಾರರಲ್ಲಿ ಒಂಬತ್ತು ಪಾಲಿಗೆ ಇಳಿಯುತ್ತದೆ. ಅಂದರೆ ಹತ್ತಿರ ಹತ್ತಿರ ಅರ್ಧ ದಾರಿಯೇ ಮುಚ್ಚಿದಂತೆ.

ಹೊಗೆ ಏನು ಹೇಳುತ್ತದೆ?

ಒಲೆಯ ತೊಂದರೆಯನ್ನು ಹೊಗೆಯೇ ಹೇಳುತ್ತದೆ. ಅದು ಯಾವಾಗ, ಎಲ್ಲಿಂದ ಬರುತ್ತದೆ ಎಂದು ಗಮನಿಸಿದರೆ ಸಾಕು.

1. ಹೊತ್ತಿಸುವಾಗ ಮಾತ್ರ ಹೊಗೆ: ಕೊಳವೆ ತಣ್ಣಗಿದೆ, ಅದರೊಳಗಿನ ತಂಪುಗಾಳಿ ಭಾರವಾಗಿ ಕೂತಿದೆ ಎಂದರ್ಥ. ಹಸಿ ದಿಮ್ಮಿಯಿಂದ ಆರಂಭಿಸಬೇಡಿ. ಸಣ್ಣ ಒಣಪುಳ್ಳೆ, ತೆಂಗಿನ ಒಣಗರಿ ಅಥವಾ ಕಾಗದ ಉರಿಸಿ ಕೊಳವೆ ಬಿಸಿಯಾದ ಮೇಲೆ ಸೌದೆ ಇಡಿ.

2. ದಿನದಿಂದ ದಿನಕ್ಕೆ ಹೆಚ್ಚುವ ಹೊಗೆ: ಇದು ಮಸಿ ಕಟ್ಟುತ್ತಿರುವ ಗುರುತು. ನಮ್ಮ ಮನೆಯಲ್ಲಿ ಆದದ್ದು ಇದೇ.

3. ನಿನ್ನೆ ಸರಿಯಿದ್ದು ಇಂದು ಒಮ್ಮೆಗೇ ಹೊಗೆ: ಕೊಳವೆಯಲ್ಲಿ ಏನೋ ಬಿದ್ದಿದೆ. ಹಕ್ಕಿಗೂಡು, ಒಣ ಎಲೆ, ಮಳೆಗೆ ಕುಸಿದ ಮಣ್ಣು, ಕಳಚಿಬಿದ್ದ ಮೇಲ್ಟೋಪಿ ಇವುಗಳಲ್ಲಿ ಒಂದಿರಬಹುದು. ತೆಗೆಯುವವರೆಗೆ ಒಲೆ ಹಚ್ಚಬೇಡಿ.

4. ಪಾತ್ರೆಯ ಸುತ್ತಲಿಂದ ಹೊಗೆ: ಪಾತ್ರೆ ಒಲೆಯ ಕಣ್ಣಿಗೆ ಸರಿಯಾಗಿ ಕೂತಿಲ್ಲ. ಕಣ್ಣಿನ ಅಂಚಿಗೆ ಮಣ್ಣು ಮೆತ್ತಿ ಸರಿಪಡಿಸಿ. ಉಪಯೋಗಿಸದ ಕಣ್ಣನ್ನು ತಟ್ಟೆಯಿಂದಲೋ ನೀರಿನ ಪಾತ್ರೆಯಿಂದಲೋ ಮುಚ್ಚಿಡಿ.

5. ಬೆಂಕಿ ಹತ್ತುವುದೇ ಇಲ್ಲ, ಊದಿದರಷ್ಟೇ ಉರಿಯುತ್ತದೆ: ಜಾಲರಿಯ ಕೆಳಗೆ ಬೂದಿ ತುಂಬಿ ಗಾಳಿ ನಿಂತಿದೆ. ಸರಿಯಾದ ಒಲೆಗೆ ಪದೇ ಪದೇ ಊದುಗೊಳವೆ ಬೇಕಾಗುವುದಿಲ್ಲ. ಅದನ್ನು ದಿನವಿಡೀ ಕೈಯಲ್ಲಿ ಹಿಡಿಯಬೇಕಾಗಿ ಬಂದರೆ ಅದೇ ಎಚ್ಚರಿಕೆ.

6. ಮೊದಲ ಪಾತ್ರೆ ಕುದಿಯುತ್ತದೆ, ಹಿಂದಿನ ಪಾತ್ರೆ ಬಿಸಿಯಾಗದು: ಕಣ್ಣುಗಳ ನಡುವಿನ ದಾರಿಯಲ್ಲಿ ಬೂದಿ ನಿಂತಿದೆ.

7. ಗಾಳಿ ಬೀಸುವ ದಿನ ಮಾತ್ರ ಹೊಗೆ: ಕೊಳವೆ ಗಿಡ್ಡವಾಗಿದೆ ಅಥವಾ ಟೋಪಿ ಇಲ್ಲ. ಛಾವಣಿಯಿಂದ ಹೊರಬರುವಲ್ಲಿಂದ ಕೊಳವೆ ಕನಿಷ್ಠ 3 ಅಡಿ ಎದ್ದಿರಬೇಕು. ಸುತ್ತ 10 ಅಡಿಯೊಳಗಿನ ಛಾವಣಿಯ ನೆತ್ತಿಗಿಂತ 2 ಅಡಿಯಾದರೂ ಎತ್ತರವಿರಬೇಕು.

8. ಒಲೆಯ ಮೈಯಿಂದಲೇ ಹೊಗೆ: ಬಿರುಕು ಬಿಟ್ಟಿದೆ. ಜಿಗುಟು ಮಣ್ಣಿಗೆ ಸಗಣಿ, ಹೊಟ್ಟು ಕಲಸಿ ಬಿರುಕಿಗೆ ತುಂಬಿ ಒಣಗಲು ಬಿಡಿ.

ಶುಚಿ ಮಾಡುವ ಕ್ರಮ

ಹಿಂದಿನ ರಾತ್ರಿಯೇ ಬೆಂಕಿ ಆರಿಸಿ, ಒಂದು ಪೂರ್ತಿ ದಿನ ಒಲೆ ತಣ್ಣಗಿರಲಿ. ಬೂದಿಯೊಳಗಿನ ಕೆಂಡ ಮೇಲಿನಿಂದ ಕಾಣುವುದಿಲ್ಲ. ಮೇಲೆ ತಣ್ಣಗಿದ್ದರೂ ಒಳಗೆ ಜೀವಂತವಿರುತ್ತದೆ. ಆದ್ದರಿಂದ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್, ರಟ್ಟಿನ ಪೆಟ್ಟಿಗೆ, ಗೋಣಿಚೀಲಗಳಿಗೆ ಹಾಕಲೇಬಾರದು. ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ, ಮನೆಯ ಹೊರಗೆ, ಸೌದೆ ರಾಶಿಯಿಂದ ದೂರ ಇಡಬೇಕು.

ಅಡುಗೆಮನೆಯ ಪಾತ್ರೆ, ನೀರು, ಆಹಾರ ಎಲ್ಲವನ್ನೂ ಹೊರಗಿಡಿ. ನೆಲಕ್ಕೆ ಹಳೆಯ ಬಟ್ಟೆ ಹಾಸಿ. ಮೂಗು, ಬಾಯಿಗೆ ಒಳ್ಳೆಯ ಮಾಸ್ಕ್ ಕಟ್ಟಿಕೊಳ್ಳಿ. ಕೋವಿಡ್ ಕಾಲದಲ್ಲಿ ಕೊಂಡ ಎನ್-95 ಮಾಸ್ಕ್ ಮನೆಯಲ್ಲಿ ಉಳಿದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮಕ್ಕಳನ್ನೂ ಆಸ್ತಮಾ ಇರುವವರನ್ನೂ ದೂರವಿಡಿ.

ಕೆಲಸ ಮೇಲಿನಿಂದ ಕೆಳಗೆ ಸಾಗಬೇಕು. ಮೊದಲು ಕೊಳವೆ. ಉದ್ದನೆಯ ಬಿದಿರು ಗಳುವಿನ ತುದಿಗೆ ತೆಂಗಿನ ನಾರು ಅಥವಾ ಗೋಣಿಯ ಉಂಡೆಯನ್ನು ತಂತಿಯಿಂದ ಬಿಗಿದು, ಕೊಳವೆಯೊಳಗೆ ಮೇಲೆ ಕೆಳಗೆ ಆಡಿಸಿ ಮಸಿ ಉದುರಿಸಿ. ಉಂಡೆ ಕಳಚಿ ಒಳಗೇ ಉಳಿಯದಂತೆ ಗಟ್ಟಿಯಾಗಿ ಬಿಗಿಯಿರಿ. ಛಾವಣಿಯ ಮೇಲೆ ಹತ್ತಬೇಕಾದರೆ ಒಬ್ಬರೇ ಹತ್ತಬೇಡಿ. ಮಂಜು ಬಿದ್ದ ಹೆಂಚು ಎಣ್ಣೆ ಸವರಿದಂತೆ ಜಾರುತ್ತದೆ. ಕೊಳವೆಯ ಬುಡದಲ್ಲಿ ತೆಗೆದು ಹಾಕುವ ಮುಚ್ಚಳವಿದ್ದರೆ ಕೆಳಗಿನಿಂದಲೇ ಕೆಲಸ ಮುಗಿಯುತ್ತದೆ. ಹೊಸದಾಗಿ ಒಲೆ ಕಟ್ಟಿಸುವವರು ಅಂಥ ಮುಚ್ಚಳವನ್ನು ಕೇಳಿ ಹಾಕಿಸಿಕೊಳ್ಳಿ.

ಒಂದು ಎಚ್ಚರಿಕೆ. ಹಳೆಯ ಒಲೆಗಳಿಗೆ ಹಾಕಿದ ಬೂದುಬಣ್ಣದ ಕೊಳವೆಗಳಲ್ಲಿ ಕೆಲವು ಆಸ್ಬೆಸ್ಟಾಸ್ ಸಿಮೆಂಟಿನವು. ಅದರ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಅದನ್ನು ತಂತಿ ಬ್ರಷ್ಷಿನಿಂದ ಕೆರೆಯುವುದು, ಕೊಯ್ಯುವುದು, ಒಡೆಯುವುದು ಬೇಡ. ಮೆತ್ತನೆಯ ನಾರಿನ ಉಂಡೆಯಷ್ಟೇ ಸಾಕು. ಅದು ಬಿರುಕು ಬಿಟ್ಟಿದ್ದರೆ ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ತೆಗೆದು ಕಬ್ಬಿಣದ ಕೊಳವೆ ಹಾಕಿಸಿ.

ಕೊಳವೆಯ ನಂತರ ಕಣ್ಣುಗಳ ನಡುವಿನ ದಾರಿ. ಪಾತ್ರೆ ತೆಗೆದು ಕಣ್ಣಿನೊಳಗೆ ಕೈಹಾಕಿ, ಹಳೆಯ ಸೌಟಿನಿಂದ ಬೂದಿ ಎತ್ತಿ. ಕೊನೆಗೆ ಜಾಲರಿ ಹೊರತೆಗೆದು ಕಂಡಿಗಳಲ್ಲಿ ಸಿಕ್ಕಿದ್ದನ್ನು ಕೆರೆದು, ಕೆಳಗಿನ ಬೂದಿಗುಂಡಿಯನ್ನು ಗುಡಿಸಿ.

ಕೆಲಸ ಸರಿಯಾಯಿತೇ ಎಂದು ತಿಳಿಯಲು ಎರಡು ಪರೀಕ್ಷೆ. ಕೊಳವೆ ನೇರವಾಗಿದ್ದರೆ ಬುಡದಲ್ಲಿ ಸಣ್ಣ ಕನ್ನಡಿ ಹಿಡಿದು ನೋಡಿ, ಮೇಲಿನ ಬೆಳಕು ದುಂಡಗೆ ಕಾಣಬೇಕು. ಆಮೇಲೆ ಸ್ವಲ್ಪ ಕಾಗದ ಉರಿಸಿ ಕೊಳವೆ ಬಿಸಿಮಾಡಿ, ಒಲೆಯ ಬಾಯಿಗೆ ಊದುಬತ್ತಿ ಹಿಡಿಯಿರಿ. ಅದರ ಹೊಗೆ ಒಳಗೆ ಎಳೆದುಕೊಂಡರೆ ಒಲೆ ಉಸಿರಾಡುತ್ತಿದೆ. ನಿಮ್ಮ ಮುಖಕ್ಕೆ ಬಂದರೆ ಎಲ್ಲೋ ಇನ್ನೂ ಕಟ್ಟಿದೆ.

ಎಷ್ಟು ದಿನಕ್ಕೊಮ್ಮೆ? ಜಾಲರಿಯ ಕೆಳಗಿನ ಬೂದಿಯನ್ನು ದಿನವೂ ತೆಗೆಯಬೇಕು. ನಡುವಿನ ದಾರಿಯನ್ನು ತಿಂಗಳಿಗೊಮ್ಮೆ. ಕೊಳವೆಯನ್ನು ಚಳಿಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ, ಎರಡು ನಾಣ್ಯ ಜೋಡಿಸಿದಷ್ಟು, ಅಂದರೆ ಸುಮಾರು 3 ಮಿಲಿಮೀಟರ್ ಮಸಿ ಕೂತಿದ್ದರೆ ಶುಚಿ ಮಾಡಿ. ಏನೂ ಕಾಣದಿದ್ದರೂ ಮಳೆಗಾಲ ಮುಗಿದ ಮೇಲೆ ಒಮ್ಮೆ ತಪ್ಪಿಸಬಾರದು.

ತೆಗೆದ ಸೌದೆಬೂದಿ ವ್ಯರ್ಥವಲ್ಲ. ಗೊಬ್ಬರದ ಗುಂಡಿಗೆ ತೆಳ್ಳಗೆ ಹರಡಬಹುದು. ಆದರೆ ಬೂದಿ ಮಣ್ಣಿನ ಹುಳಿ ಕಳೆಯುತ್ತದೆ. ಟೀ ಗಿಡಕ್ಕೆ ಹುಳಿಮಣ್ಣೇ ಬೇಕು, ಆಲೂಗಡ್ಡೆಗೆ ಬೂದಿ ಹೆಚ್ಚಾದರೆ ಗಡ್ಡೆಯ ಸಿಪ್ಪೆಗೆ ಕಜ್ಜಿ ಬರುತ್ತದೆ. ಆದ್ದರಿಂದ ನಮ್ಮ ಬೆಟ್ಟದ ಈ ಎರಡು ಬೆಳೆಗೂ ಹಾಕಬೇಡಿ.

ಸೌದೆ ಒಣಗಿರಲಿ

ಒಲೆ ಎಷ್ಟೇ ಶುಚಿಯಾಗಿದ್ದರೂ ಹಸಿ ಸೌದೆ ಹಾಕಿದರೆ ಎಲ್ಲ ವ್ಯರ್ಥ. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಬೆಂಕಿಯ ಶಾಖವೆಲ್ಲ ಆ ನೀರನ್ನು ಆರಿಸುವುದಕ್ಕೇ ಖರ್ಚಾಗುತ್ತದೆ. ಅರೆಬೆಂದ ಹೊಗೆ ತಣ್ಣನೆಯ ಕೊಳವೆಗೆ ತಾಗಿ ಡಾಂಬರಿನಂಥ ಕಪ್ಪು ಅಂಟಾಗುತ್ತದೆ. ಒಂದು ದಿನ ಆ ಅಂಟಿಗೇ ಬೆಂಕಿ ಹತ್ತಬಹುದು. ಕೊಳವೆಯೊಳಗೆ ಗಾಳಿ ಹೂಂಕರಿಸಿದಂಥ ಸದ್ದು ಕೇಳಿದರೆ ಅದೇ ಗುರುತು. ಆಗ ಒಲೆಯ ಬಾಯಿಯನ್ನು ತಗಡಿನಿಂದ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, 101ಕ್ಕೆ ಕರೆ ಮಾಡಿ. ಕಾದ ಕೊಳವೆಗೆ ನೀರು ಸುರಿಯಬೇಡಿ, ಅದು ಸೀಳಿಹೋಗುತ್ತದೆ.

ಸೌದೆಯನ್ನು ಸೀಳಿ, ನೆಲಕ್ಕೆ ತಾಗದಂತೆ ಜೋಡಿಸಿ, ಮೇಲೆ ಮಾತ್ರ ಹೊದಿಕೆ ಹಾಕಿ, ಆರು ತಿಂಗಳಾದರೂ ಒಣಗಿಸಿ. ಎರಡು ತುಂಡು ಬಡಿದರೆ ಠಣ್ ಎನ್ನಬೇಕು. ದಪ್ ಎಂದರೆ ಇನ್ನೂ ಹಸಿ. ಪ್ಲಾಸ್ಟಿಕ್, ಟೈರು, ಬಣ್ಣ ಬಳಿದ ಹಲಗೆ ಇವನ್ನು ಒಲೆಗೆ ಹಾಕಲೇಬೇಡಿ.

ತಾಳವಾಡಿಯಿಂದ ನಮ್ಮ ಭಾವಮೈದ ವರ್ಷಕ್ಕೊಮ್ಮೆ ಮುಸುಕಿನ ಜೋಳದ ದಿಂಡು, ಅಂದರೆ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು, ನಾಲ್ಕು ಮೂಟೆ ತಂದುಕೊಡುತ್ತಾನೆ. ಚೆನ್ನಾಗಿ ಒಣಗಿದ ದಿಂಡು ಬೇಗ ಹೊತ್ತಿ ಜೋರಾಗಿ ಉರಿಯುತ್ತದೆ. ಒಲೆ ಹೊತ್ತಿಸಲು ಅದಕ್ಕಿಂತ ಸುಲಭದ್ದಿಲ್ಲ. ಆದರೆ ಒಮ್ಮೆಗೇ ತುರುಕಬಾರದು, ಎರಡು ಮೂರರಂತೆ ಹಾಕಬೇಕು. ಇನ್ನೊಂದು ಸಂಗತಿ: ಇಂಥ ಬೆಳೆಯ ಉಳಿಕೆಗಳ ಬೂದಿಯಲ್ಲಿ ಪೊಟ್ಯಾಶ್ ಹೆಚ್ಚು. ಶಾಖ ಜೋರಾದರೆ ಅದು ಕರಗಿ, ಆರಿದ ಮೇಲೆ ಗಾಜಿನಂಥ ಗಟ್ಟಿಯಾಗಿ ಜಾಲರಿಯ ಕಂಡಿಗೆ ಅಂಟುತ್ತದೆ. ಅಮೆರಿಕದ ಅಯೋವಾ, ಮಿನ್ನೆಸೋಟ ರಾಜ್ಯಗಳಲ್ಲಿ ಜೋಳದ ಕಾಳನ್ನೇ ಉರಿಸಿ ಮನೆ ಬೆಚ್ಚಗಿಡುವ ಕಬ್ಬಿಣದ ಒಲೆಗಳಿವೆ. ಅಲ್ಲಿಯವರಿಗೂ ಈ ಗಟ್ಟಿಯೇ ತಲೆನೋವು, ಅದನ್ನು ಆಗಾಗ ಕೆರೆದು ತೆಗೆಯದಿದ್ದರೆ ಅವರ ಒಲೆಯೂ ಆರುತ್ತದೆ. ದಿಂಡು ಉರಿಸುವವರು ಜಾಲರಿಯನ್ನು ದಿನವೂ ಅಲುಗಾಡಿಸಿ.

ಹೊಗೆಯಿಲ್ಲದ ವಿಷ

ಈಗ ಅಗ್ಗಿಷ್ಟಿಕೆಯ ಮಾತು. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಇದ್ದಿಲು ಉರಿಯುವಾಗ ಹೊಗೆ ಕಾಣುವುದಿಲ್ಲ. ಆದರೆ ಅದರಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪದು. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು, ತೊದಲು ಮಾತು ಇವು ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಇವು ತಿಳಿಯುವುದೇ ಇಲ್ಲ. ಒಂದೇ ಕೋಣೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಹೊರಗೆ ಬಂದರೆ ಕಡಿಮೆಯಾದರೆ ಬೆಂಕಿಯನ್ನೇ ಸಂದೇಹಿಸಿ.

ಕೆಲವು ತಪ್ಪು ನಂಬಿಕೆಗಳಿವೆ. ಪಕ್ಕದಲ್ಲಿ ನೀರಿನ ಬಟ್ಟಲು ಇಟ್ಟರೆ ವಿಷ ಹೀರುತ್ತದೆ ಎನ್ನುತ್ತಾರೆ, ಅದು ಸುಳ್ಳು. ಕೆಂಡದ ಮೇಲೆ ಬೂದಿ ಮುಚ್ಚಿದರೆ ಅಪಾಯವಿಲ್ಲ ಎನ್ನುತ್ತಾರೆ. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ಕಡಿಮೆಯಾಗಿ ಈ ಅನಿಲ ಇನ್ನಷ್ಟು ಹುಟ್ಟುತ್ತದೆ. ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟರೂ ಸಾಲದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನೋಡಿ "98 ಇದೆ, ಪರವಾಗಿಲ್ಲ" ಎಂದು ಸಮಾಧಾನ ಪಡಬೇಡಿ. ಆ ಉಪಕರಣ ಈ ಅನಿಲ ಹೊತ್ತ ರಕ್ತವನ್ನೂ ಆಮ್ಲಜನಕ ಹೊತ್ತ ರಕ್ತದಂತೆಯೇ ಓದುತ್ತದೆ. ಹೀಗೆ ಯಾರಾದರೂ ಬಿದ್ದಿದ್ದರೆ ಕೂಡಲೇ ಬಾಗಿಲು ಕಿಟಕಿ ತೆರೆದು, ಅವರನ್ನು ಹೊರಗಾಳಿಗೆ ತಂದು, 108ಕ್ಕೆ ಕರೆ ಮಾಡಿ. ನೀವು ಒಳಗೆ ಹೆಚ್ಚು ಹೊತ್ತು ನಿಲ್ಲಬೇಡಿ.

ಬೆಟ್ಟದ ಕೆಳಗಿನವರೂ ಕೇಳಿ. ಬಾಗಿಲು ಮುಚ್ಚಿದ ಬಚ್ಚಲಿನೊಳಗೆ ಉರಿಯುವ ಗ್ಯಾಸ್ ಗೀಸರ್ ಕೂಡ ಇದೇ ವಿಷವನ್ನು ಬಿಡಬಲ್ಲದು. ಅದನ್ನು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಹಾಕಿಸಿ.

ಕಣ್ಣಿಗೆ ಕಾಣುವ ಹೊಗೆಯೂ ಕಡಿಮೆಯೇನಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ಎಂಬ ವಿಶ್ವಪತ್ರದಲ್ಲಿ ಬಡವರ ಆರೋಗ್ಯದ ಬಗ್ಗೆ ಮಾತನಾಡುತ್ತಾ, ಅಡುಗೆಗೂ ಮನೆ ಕಾಯಿಸುವುದಕ್ಕೂ ಉರಿಸುವ ಇಂಧನದ ಹೊಗೆಯನ್ನು ಹೆಸರಿಸಿಯೇ ಹೇಳಿದ್ದಾರೆ. ಅಡುಗೆಮನೆಯ ಹೊಗೆ ಧರ್ಮಸಭೆಯ ಕಾಳಜಿಯೂ ಹೌದು ಎಂಬುದು ನಮಗೆ ಸಮಾಧಾನ ತಂದಿತು.

ಎರಡು ಕೆಂಡದ ಬೆಂಕಿಗಳು

ಅವ್ವ ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಂಜೆ ಸಂತ ಯೊವಾನ್ನರ ಶುಭಸಂದೇಶ ಓದುತ್ತಿದ್ದೆವು. ಅದರಲ್ಲಿ ಎರಡು ಕಡೆ ಕೆಂಡದ ಬೆಂಕಿ ಬರುತ್ತದೆ. ಒಂದು, ಚಳಿಯ ರಾತ್ರಿ ಪ್ರಧಾನ ಯಾಜಕನ ಅಂಗಳದಲ್ಲಿ. ಅದರ ಮುಂದೆ ಮೈ ಕಾಯಿಸುತ್ತಾ ಪೇತ್ರನು ತನ್ನ ಗುರುವನ್ನು ಅರಿಯೆನೆಂದನು. ಇನ್ನೊಂದು, ಪುನರುತ್ಥಾನರಾದ ಯೇಸುಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಹೊತ್ತಿಸಿ, ಮೀನು, ರೊಟ್ಟಿ ಸಿದ್ಧಮಾಡಿ ಶಿಷ್ಯರನ್ನು ಊಟಕ್ಕೆ ಕರೆದದ್ದು. ಓದಿ ಮುಗಿಸಿದಾಗ ಅವ್ವ ನಕ್ಕು, "ನೋಡ್ರಪ್ಪಾ, ಎರಡೂ ಬಯಲಲ್ಲೇ ಐತೆ, ಯಾರೂ ಕೆಂಡಾನ ಕೋಣೆ ಒಳಕ್ಕೆ ತಂದಿಲ್ಲ" ಎಂದರು. ನಾವೂ ನಕ್ಕೆವು. ಆದರೆ ಪೇತ್ರನ ಅರಿಯೆನೆಂಬ ಮಾತು ನಮ್ಮ ಮನಸ್ಸಿನಲ್ಲೇ ಉಳಿಯಿತು. ಮೂರು ತಿಂಗಳು ಅವ್ವನ ಕೆಮ್ಮನ್ನು ಕೇಳಿಯೂ ಕೇಳದಂತೆ ಇದ್ದವರು ನಾವು. ನಮಗೆ ಗೊತ್ತಿಲ್ಲ, ಅದು ನಮ್ಮ ಕೆಲಸವಲ್ಲ ಎಂದು ನಾವೂ ಒಂದು ರೀತಿಯಲ್ಲಿ ಹೇಳಿದ್ದೆವಲ್ಲವೇ?

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಆಗಮನ ಕಾಲದ ಮೊದಲ ಶನಿವಾರ, ಗೋದಲಿಗೆ ಹುಲ್ಲು ತರುವ ಮೊದಲು ಒಲೆ ಶುಚಿ. ಆ ಕೆಲಸ ಗಂಡಸರದು, ಬೆಳೆದ ಮಕ್ಕಳದು. ಅವ್ವ ಕುರ್ಚಿಯಲ್ಲಿ ಕೂತು ಊದುಬತ್ತಿ ಹಚ್ಚಿ ಕೊಡುತ್ತಾರೆ, ಅಷ್ಟೇ. ಹೊಗೆ ಒಳಗೆ ಎಳೆದುಕೊಂಡಿತೆಂದು ಅವರು ತಲೆಯಾಡಿಸಿದ ಮೇಲೆಯೇ ಸೌದೆ ಇಡುವುದು. ಅಗ್ಗಿಷ್ಟಿಕೆ ಅಂಗಳದಲ್ಲಿದೆ, ಈಗ ಅದರಲ್ಲಿ ಜೋಳದ ತೆನೆ ಸುಡುತ್ತೇವೆ.

ಪ್ರಿಯ ಓದುಗರೇ, ಈ ವಾರ ನಿಮ್ಮ ಒಲೆಯ ಬಾಯಿಗೆ ಒಂದು ಊದುಬತ್ತಿ ಹಿಡಿದು ನೋಡಿ. ಮನೆಯ ಹಿರಿಯರು ಒಲೆಯ ಮುಂದೆ ಕೆಮ್ಮಿದರೆ, ಔಷಧಿಯ ಅಂಗಡಿಗೆ ಹೋಗುವುದರ ಜೊತೆಗೆ ಒಲೆಯೊಳಗೂ ಬಗ್ಗಿ ನೋಡಿ. ನಿಮ್ಮ ಒಲೆಯ ತೊಂದರೆ ಮೇಲಿನ ಪಟ್ಟಿಯಲ್ಲಿ ಸಿಗದಿದ್ದರೆ ಒಂದು ಕಾಗದ ಬರೆಯಿರಿ. ಮುಂದಿನ ತಿಂಗಳು ತಿಳಿದಷ್ಟನ್ನು ಉತ್ತರಿಸುತ್ತೇವೆ. ಮಾತೆ ಮರಿಯಮ್ಮನವರು ನಿಮ್ಮ ಮನೆಯನ್ನು ಬೆಚ್ಚಗೆ ಕಾಪಾಡಲಿ.